ಲಕ್ಕಮ್ಮನ ಲೆಕ್ಕದಲ್ಲಿ ಪ್ರೆಸ್ಸು ನಡೆಸಿದ್ದು: ನನ್ನ ಅನುಭವ

ಪ್ರೆಸ್ಸು ಇಟ್ಟವರಿಗೆ ಉದ್ರಿಯ ಸಂಕಟ ಬಿಡಿಸಿ ಹೇಳಬೇಕಿಲ್ಲ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಆದರೆ ಬಿಲ್ ಬುಕ್, ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್ ಮಾಡುವ ನಮ್ಮಂಥವರ ಕಿರ್ದಿಯಲ್ಲಿ ಬಂದದ್ದಕ್ಕಿಂತ ಬರಬೇಕಾದದ್ದೇ ಜಾಸ್ತಿ. ನಾನು ಕಾಗದ ಉದ್ರಿ ತರುವುದನ್ನು ಪೂರ್ತಿ ನಿಲ್ಲಿಸಿ ಎರಡು-ಮೂರು ಹಂಗಾಮು ಆಯ್ತು. ‘ಆರು ತಿಂಗಳಿಗೆ ಶಟರ್ ಎಳೀತೀರಿ ಅಣ್ಣಾರ’ ಅಂದವರೇ ಈಗ ಬಂದು ಹೆಂಗ ಮಾಡಿದ್ರಿ ಅಂತ ಕೇಳುತ್ತಿದ್ದಾರೆ.

ದಾರಿ ತೋರಿಸಿದವಳು ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಅಂದು, ತಂದಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳಲ್ಲ, ಅದೇ ವಚನ. ಆಮಂತ್ರಣ ಪತ್ರಿಕೆಗಳಲ್ಲಿ ಎಷ್ಟೋ ಸಲ ಛಾಪಿಸಿದ್ದೆ. ಒಮ್ಮೆ ಅದರ ಪ್ರೂಫ್ ನೋಡುತ್ತಿದ್ದಾಗ ಕಾಗದದ ವ್ಯಾಪಾರಿಯ ಆಳು ಬಾಕಿ ವಸೂಲಿಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಿದ್ದ. ಅವನು ಹೋದಮೇಲೆ ಹಳೇ ಕಿರ್ದಿ ತೆಗೆದು ಕೂತೆ. ಒಂದು ಮಷಿನ್ನು, ಇಬ್ಬರು ಹುಡುಗರಿಗೆ ಆಗುವಷ್ಟು ಕೆಲಸದ ರೊಕ್ಕ ಹೆಚ್ಚುಕಡಿಮೆ ಬಂದಿತ್ತು. ಮೈಮೇಲೆ ಎಳೆದುಕೊಂಡ ದೊಡ್ಡ ಆರ್ಡರಿಗೇ ಕಾಗದ ಉದ್ರಿ ತಂದದ್ದು, ರಾತ್ರಿ ಪಾಳಿ ಹಾಕಿದ್ದು, ಕಡೆಗೆ ರೊಕ್ಕ ನಿಂತದ್ದೂ ಅಲ್ಲೇ. ಲಕ್ಕಮ್ಮ ಬೇಡ ಅಂದ ಆ ಹೆಚ್ಚಿನ ಅಕ್ಕಿ ನನ್ನ ಖಾತೆಯಲ್ಲಿ ಹೆಸರು ಸಮೇತ ಕಾಣಿಸಿತು.

ಆಗ ಗಿರಾಕಿಗಳ ಕಡೆ ನಾಲ್ಕು ಲಕ್ಷದ ಹತ್ತಿರ ಬಾಕಿ ಸಿಕ್ಕಿಬಿದ್ದಿತ್ತು. ನಾನು ಕೊಡಬೇಕಾದದ್ದು ಎರಡೂವರೆ ಇರಬೇಕು, ಅದರಲ್ಲಿ ಅರ್ಧ ತಿಂಗಳಿಗೆ ನೂರಕ್ಕೆ 3ರ ಬಡ್ಡಿಯದು.

‘ಉದ್ರಿ ಇಲ್ಲ’ ಅಂತ ಬೋರ್ಡು ಹಾಕಿ ನೋಡಿದೆ. ಹಳೇ ಗಿರಾಕಿಗಳು ಓದಿಕೊಂಡು ಪಕ್ಕದ ಓಣಿಗೆ ಹೋದರು. ಬೋರ್ಡು ಇಳಿಸಿ ಅರ್ಧ ರೊಕ್ಕ ಸಂಚಕಾರ ಅಂತ ಮೊದಲೇ ಇಸಿದುಕೊಳ್ಳಲು ಶುರು ಮಾಡಿದೆ. ಜಾತ್ರೆ ಪೋಸ್ಟರಿನ ಒಂದು ಕೆಲಸದಲ್ಲಿ ಉಳಿದರ್ಧ, ಹದಿನೆಂಟು ಸಾವಿರದಷ್ಟು, ಇವತ್ತಿಗೂ ಬಂದಿಲ್ಲ. ನಿಂತದ್ದು ಮೂರನೇ ಪದ್ಧತಿ: ಕಾಗದ ಮತ್ತು ಪ್ಲೇಟಿನ (ಛಾಪಿಸುವ ತಗಡಿನ) ರೊಕ್ಕ ಪೂರ್ತಿ ಮೊದಲೇ ಬರಬೇಕು, ನನ್ನ ದುಡಿಮೆಯದು ಮಾಲು ಒಯ್ಯುವಾಗ. ಗಿರಾಕಿ ಕೈ ಎತ್ತಿದರೂ ಹೋಗುವುದು ಬೆವರು ಮಾತ್ರ, ಸಾಲ ಹುಟ್ಟುವುದಿಲ್ಲ. ಒಂದು ಮಷಿನ್ನು, ಇಬ್ಬರು ಹುಡುಗರು ದಿನಕ್ಕೆ ಮಾಡುವಷ್ಟು ಕೆಲಸವೇ ನನ್ನ ದಿನದ ಲೆಕ್ಕ. ಅದು ತುಂಬಿತೆಂದರೆ ಮುಂದಿನ ಕೆಲಸ ಬೇರೆ ಪ್ರೆಸ್ಸಿಗೆ ಕಳಿಸುತ್ತೇನೆ, ಕಮಿಷನ್ ಮುಟ್ಟುವುದಿಲ್ಲ. ಇದಕ್ಕೇ ಎಲ್ಲರೂ ನಕ್ಕರು. ಈಗ ಅದೇ ಪ್ರೆಸ್ಸಿನವರು ಖಾಲಿ ದಿನಗಳಲ್ಲಿ ನನಗೆ ಕೆಲಸ ಕಳಿಸುತ್ತಾರೆ.

ಹಳೇ ಸಾಲ ಹಂಗೇ ಇತ್ತಲ್ಲ. ‘ವಚನ ಓದಿದರ ಬಡ್ಡಿ ಇಳಿತೈತೇನು?’ ಅಂತ ಗೆಳೆಯರೊಬ್ಬರು ಕೇಳಿದರು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಬೇಕಂತ 1905ರಲ್ಲೇ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ಆ ದಾರಿಯೇ ಹಿಡಿದು ಒಂದು ಸೊಸೈಟಿಯಲ್ಲಿ ಸಾಲ ತೆಗೆದು ನೂರಕ್ಕೆ 3ರದನ್ನು ಮೊದಲು ಹರಿದೆ. ತಿಂಗಳಿಗೆ ಎರಡು ಸಾವಿರದ ಮೇಲೆ ಉಳಿಯಿತು. ‘ಸಾಲವನು ಕೊಂಬಾಗ ಹಾಲೋಗರುಂಡಂತೆ’ ಅಂದ ನಮ್ಮ ಹಾವೇರಿ ಸೀಮೆಯ ಸರ್ವಜ್ಞನ ಮುಂದಿನ ಸಾಲು, ಕಿಬ್ಬದಿಯ ಕೀಲು ಮುರಿಯುವುದು, ನನಗೆ ಬಾಯಿಪಾಠ ಬೇಕಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ಆಯ್ತು. ವೀರನಾರಾಯಣನ ಗುಡಿಗೆ ಹೋದಾಗಲೆಲ್ಲ ಕುಮಾರವ್ಯಾಸನ ‘ಪದವಿಟ್ಟಳುಪದೊಂದಗ್ಗಳಿಕೆ’ ನೆನಪಾಗುತ್ತದೆ. ಇಟ್ಟ ಪದ ಅಳಿಸದ ಹಟ ಅದು. ಲಗ್ನಪತ್ರಿಕೆಗೆ ಅದನ್ನೇ ತಂದೆ. ಎರಡೂ ಮನೆಯ ಹಿರಿಯರಿಗೆ ಫೋನ್ ಹಚ್ಚಿ ಒಂದೊಂದು ಹೆಸರೂ ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಸಹಿ, ಆಮೇಲೆ ಪ್ಲೇಟು. ಸೋದರಮಾವನ ಹೆಸರು ಬಿಟ್ಟಿದೆ ಅಂತ ಮರುಛಾಪಿಸುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಗಳಿಕೆಯ ಹತ್ತನೇ ಪಾಲು ದಾಸೋಹಕ್ಕೆ ಅಂತ ಎತ್ತಿಡುವುದು ಮಾತ್ರ ಆಷಾಢದಲ್ಲಿ ನಡೆಯಲಿಲ್ಲ. ಈಗ ಕಟಿಂಗ್ ಮಷಿನ್ನಿನಲ್ಲಿ ಉಳಿಯುವ ಅಂಚಿನ ಕಾಗದ ಹೊಂದಿಸಿ, ಗೋಂದು ಹಚ್ಚಿ, ಸಾಲಿ ಹುಡುಗರಿಗೆ ಅಂಗೈಯಗಲದ ಪ್ಯಾಡು ಮಾಡಿ ಕೊಡುತ್ತೇವೆ. ಇದಕ್ಕೆ ಹಂಗಾಮಿನ ಹಂಗಿಲ್ಲ.

ಸೊಸೈಟಿಯದು ನಲವತ್ತು ಸಾವಿರದಷ್ಟು ಉಳಿದಿದೆ. ಲಗ್ನದ ಹಂಗಾಮಿನಲ್ಲೂ ಏಳಕ್ಕೆ ಮಷಿನ್ ನಿಲ್ಲಿಸಿ ತೋಂಟದಾರ್ಯ ಮಠದ ಶಿವಾನುಭವ ಗೋಷ್ಠಿಗೆ ಹೋಗುತ್ತೇನೆ. ಬಾಕಿಯವರನ್ನು ಕಂಡು ಓಣಿ ಬದಲಿಸಬೇಕಿಲ್ಲ. ನನಗೆ ಬೇಕಿದ್ದ ಸ್ವಾತಂತ್ರ್ಯ ಇಷ್ಟೇ, ಅದು ಕೈಗೆ ಬಂದಿದೆ.

ಶುರು ಮಾಡುವವರು ಆಷಾಢದಲ್ಲೇ ಮಾಡಿರಿ, ಗಿರಾಕಿ ಕಡಿಮೆ ಇದ್ದಾಗ ರೂಢಿ ಆಗುತ್ತದೆ. ದಿನದ ಲೆಕ್ಕ ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದು ಅವರವರ ಮಷಿನ್ನಿನ ಮೇಲೆ. ಬೀಗರಿಗೆ, ಪುಢಾರಿಗಳಿಗೆ ಮುಖ ಕೆಡದ ಹಾಗೆ ಸಂಚಕಾರ ಕೇಳುವ ಮಾತು ಮಾತ್ರ ಇಲ್ಲಿ ಬರೆಯುವುದಿಲ್ಲ. ಪ್ರೆಸ್ಸಿಗೆ ಬಂದರೆ ಚಹಾ ಕುಡಿಯುತ್ತ ಹೇಳುತ್ತೇನೆ.