ಕ್ಯಾಮ್ ಸೆನ್ಸರ್ ಬದಲಿಸುವ ಮುನ್ನ ಕಪ್ಲರ್ ನೋಡಿ

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಕಾರುಗಳು ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಬಂದಾಗ ಬಾನೆಟ್ಟಿನ ಕೆಳಗೆ ಅದಿರಿನ ಕೆಂಪು ದೂಳು ಪದರಗಟ್ಟಿರುತ್ತದೆ. ಅದಿರೆಂದರೆ ಕಬ್ಬಿಣವೇ ಆದ್ದರಿಂದ ಅದು ಕ್ಯಾಮ್‌ಶಾಫ್ಟ್ ಸೆನ್ಸರಿನ (ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಎಷ್ಟು ತಿರುಗಿದೆ ಎಂದು ಆಯಸ್ಕಾಂತದ ನೆರವಿನಿಂದ ತಿಳಿಯುವ ಸಾಧನ) ಮೂತಿಗೆ ಅಂಟಿ ತೊಂದರೆ ಕೊಡುತ್ತದೆಂಬ ಮಾತನ್ನು ಚಾಲಕರಿಂದ ಆಗಾಗ ಕೇಳುತ್ತೇನೆ. ಆದರೆ ಟೈಮಿಂಗ್ ಚೈನ್ ಇರುವ ಎಂಜಿನ್ನುಗಳಲ್ಲಿ ಸೆನ್ಸರಿನ ಮೂತಿ ಓ-ರಿಂಗ್ ಎಂಬ ರಬ್ಬರ್ ಬಳೆಯ ಆಚೆ, ಎಂಜಿನ್ನಿನೊಳಗೆ ಆಯಿಲ್ ಸಿಡಿಯುವ ಜಾಗದಲ್ಲಿರುತ್ತದೆ. ಅಲ್ಲಿ ಅಂಟುವುದು ಎಂಜಿನ್ನೇ ಸವೆದು ಬಿಟ್ಟ ಲೋಹದ ಪುಡಿ. ದೂಳಿನ ಕಾಟವೇನಿದ್ದರೂ ಹೊರಗಿನ ಕಪ್ಲರಿಗೆ, ಅಂದರೆ ಸೆನ್ಸರಿಗೆ ವೈರ್ ಸೇರಿಸುವ ಪ್ಲಗ್ಗಿಗೆ.

ಬೇಸಿಗೆಯಲ್ಲಿ ಬಂದ ಒಂದು ಪೆಟ್ರೋಲ್ ಕಾರು ತಣ್ಣಗಿದ್ದಾಗ ಸರಿಯಾಗಿ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ನಿಲ್ಲಿಸಿದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ಸ್ಕ್ಯಾನರ್ ಪಿ0340 ಎಂಬ ಕೋಡ್ ತೋರಿಸಿತು. ಕ್ಯಾಮ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆ ಎಂಬುದಷ್ಟೇ ಅದರ ಅರ್ಥ. ಸೆನ್ಸರೇ ಕೆಟ್ಟಿದೆ ಎಂದಲ್ಲ. ಕ್ಯಾಮ್ ಸಿಗ್ನಲ್ ತಪ್ಪಿದರೂ ಅನೇಕ ಎಂಜಿನ್ನುಗಳಲ್ಲಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆ ನೋಡುವ ಕ್ರ್ಯಾಂಕ್ ಸೆನ್ಸರನ್ನು ನಂಬಿ ತಡವಾಗಿಯಾದರೂ ಸ್ಟಾರ್ಟ್ ಮಾಡಿಸುತ್ತದೆ. ಹಾಗಾಗಿ ಮಾಲೀಕರು ಮೊದಲು ಬ್ಯಾಟರಿಯನ್ನು ಅನುಮಾನಿಸುವುದು ಸಹಜ.

ಕ್ರ್ಯಾಂಕ್ ಸೆನ್ಸರ್ ಕೆಳಗೆ, ಪುಲ್ಲಿ ಅಥವಾ ಫ್ಲೈವೀಲ್ ಬಳಿ ಇದ್ದರೆ, ಕ್ಯಾಮ್ ಸೆನ್ಸರ್ ಮೇಲೆ ಸಿಲಿಂಡರ್ ಹೆಡ್ಡಿನಲ್ಲಿ, ಕ್ಯಾಮ್‌ಶಾಫ್ಟಿನ ಒಂದು ತುದಿಗೆ ಎದುರಾಗಿರುತ್ತದೆ. ಈ ಕಾರಿನಲ್ಲಿ ಏರ್ ಫಿಲ್ಟರ್ ಪೈಪು ಬಿಚ್ಚಿದ ಮೇಲೆ, ಒಂದೇ ಬೋಲ್ಟಿನಲ್ಲಿ ಕೂತಿದ್ದ, ಮೂರು ವೈರಿನ ಹಾಲ್ ಮಾದರಿಯ (ಆಯಸ್ಕಾಂತದ ಬಲ ಗುರುತಿಸುವ) ಕ್ಯಾಮ್ ಸೆನ್ಸರ್ ಕಂಡಿತು. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಕ್ಯಾಮ್‌ಗಳಿಗೆ ವೇರಿಯಬಲ್ ಟೈಮಿಂಗ್ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಇರುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ. ಬಿಚ್ಚುವ ಮೊದಲು ಯಾವುದರ ಕೋಡ್ ಎಂದು ಖಚಿತಪಡಿಸಿಕೊಳ್ಳಬೇಕು.

ಸಿಲಿಂಡರ್ ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಜಿನುಗಿ, ಆಯಿಲ್ ಕಪ್ಲರಿನ ಮೇಲೆ ಇಳಿದು, ಅದರ ಮೇಲೆ ಕೆಂಪು ದೂಳು ಕೂತು ಮೆತ್ತಿಕೊಂಡಿತ್ತು. ಕಪ್ಲರಿನ ರಬ್ಬರ್ ಸೀಲ್ ಸೆಟೆದಿದ್ದರಿಂದ ಎಂಜಿನ್ ತೊಳೆದ ನೀರು ಒಳಗಿಳಿದು ಪಿನ್ನಿಗೆ ಕಿಲುಬು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದೆ. ನಂತರ ಕಪ್ಲರ್ ಬಿಚ್ಚಿಟ್ಟೇ ಕೀ ಆನ್ ಮಾಡಿ ಸಪ್ಲೈ ಮತ್ತು ಅರ್ಥ್ ವೈರಿನ ನಡುವೆ ಅಳೆದಾಗ 5 ವೋಲ್ಟ್ ಬಂತು. ಕೆಲವು ಕಾರುಗಳಲ್ಲಿ ಇಲ್ಲಿ 12 ವೋಲ್ಟ್ ಇರುವುದರಿಂದ ಆಯಾ ಕಾರಿನ ವೈರಿಂಗ್ ಚಿತ್ರವನ್ನೇ ನೋಡುವುದು ಒಳ್ಳೆಯದು. ಮೀಟರ್ ಹಾಗೆಯೇ ಇರಿಸಿ ವೈರನ್ನು ಅಲ್ಲಾಡಿಸಿದಾಗ ಮಾತ್ರ 5 ವೋಲ್ಟ್ ಮಾಯವಾಗಿ ಮತ್ತೆ ಬಂತು: ಬ್ರ್ಯಾಕೆಟ್ಟಿಗೆ ಉಜ್ಜಿ, ಬಿಸಿಗೆ ಗಡುಸಾದ ವೈರ್ ಒಳಗೇ ತುಂಡಾಗಿತ್ತು.

ವೈರ್ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಹೊದಿಸಿ, ಬ್ರ್ಯಾಕೆಟ್ಟಿನಿಂದ ದೂರ ಕಟ್ಟಿದೆ. ಸೆನ್ಸರನ್ನೂ ಹೊರತೆಗೆದು ಮೂತಿಯ ಕಪ್ಪು ಕೆಸರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಹೊಸ ಓ-ರಿಂಗ್‌ಗೆ ತುಸು ಎಂಜಿನ್ ಆಯಿಲ್ ಸವರಿ, ಕೈಯಿಂದಲೇ ಪೂರ್ತಿ ಕೂರಿಸಿ, ಆಮೇಲೆ ಬೋಲ್ಟ್ ಬಿಗಿದೆ. ಬೋಲ್ಟಿನಿಂದ ಎಳೆದು ಕೂರಿಸಲು ಹೋದರೆ ಪ್ಲಾಸ್ಟಿಕ್ ಕಿವಿ ಸೀಳುತ್ತದೆ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟನ್ನೂ ಆಗಲೇ ಬದಲಿಸಿದೆ. ಜಿನುಗುವುದು ನಿಲ್ಲದಿದ್ದರೆ ಕಪ್ಲರ್ ತೊಳೆದದ್ದು ವ್ಯರ್ಥ. ಕೋಡ್ ಅಳಿಸಿ, ಕಾರನ್ನು ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿ ಮತ್ತೆ ಕೀ ತಿರುಗಿಸಿದಾಗ ತಕ್ಷಣ ಸ್ಟಾರ್ಟ್ ಆಯಿತು. ಮಾಲೀಕರಿಗೆ ಹೇಳಿದ್ದು ಒಂದೇ: ಪ್ರೆಷರ್ ನೀರಿನಿಂದ ಎಂಜಿನ್ ತೊಳೆಸಬೇಡಿ, ದೂಳನ್ನು ಬ್ರಷ್ಷಿನಿಂದ ತೆಗೆಸಿ.