ತುರಿಕೆಯ ಕ್ರೀಮ್ ಕೊಳ್ಳುವ ಮೊದಲು

ಜುಲೈ ತಿಂಗಳ ಮುಂಬಯಿಯಲ್ಲಿ ಒಳಉಡುಪು ಎರಡು ದಿನವಾದರೂ ಒಣಗುವುದಿಲ್ಲ. ಮುಟ್ಟಿದರೆ ತಣ್ಣಗೆ ಹತ್ತುವ ಅದನ್ನೇ ತೊಟ್ಟು, ಮೇಲೆ ಬಿಗಿ ಲೆಗಿಂಗ್ಸ್ ಏರಿಸಿ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದರೆ, ರಾತ್ರಿ ಮನೆ ಸೇರುವವರೆಗೂ ಅದೇ ಬಟ್ಟೆ. ಗುಪ್ತಾಂಗದಲ್ಲಿ ತುರಿಕೆ ಶುರುವಾದರೆ ಮನೆಯಲ್ಲಿ ಹೇಳಲು ಸಂಕೋಚ. ನಾನೂ ಹಾಗೆಯೇ, ಗಂಡಸರಿಲ್ಲದ ಹೊತ್ತು ನೋಡಿ ಮೆಡಿಕಲ್‌ನಲ್ಲಿ ‘ಖುಜಲಿ ಕಾ ಕ್ರೀಮ್’ ಕೇಳಿದ್ದೆ. ಎರಡು ದಿನ ಹಾಯೆನಿಸಿತು. ಹತ್ತನೆಯ ದಿನ ಕುರ್ಚಿಯಲ್ಲಿ ಕೂರಲಾಗದಷ್ಟು ಉರಿ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸಿ, ಒಳಗೆ ಶಿಲೀಂಧ್ರ ಬೆಳೆಯಲು ಬಿಡುತ್ತದೆ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಎಂಬ ಹೆಸರು ಕಂಡರೆ ಅಂಥ ಟ್ಯೂಬನ್ನು ವೈದ್ಯರು ಹೇಳದೆ ಹಚ್ಚಬೇಡಿ.

ಯೋನಿಯ ಈ ಸೋಂಕಿಗೆ ಕಾರಣ ಕ್ಯಾಂಡಿಡಾ ಎಂಬ ಈಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಆರೋಗ್ಯವಂತ ಹೆಂಗಸರ ಯೋನಿಯಲ್ಲಿಯೂ ಅದು ಸ್ವಲ್ಪ ಇರಬಹುದು. ಆ್ಯಂಟಿಬಯಾಟಿಕ್ ನುಂಗಿದಾಗ, ಬಸಿರಿನಲ್ಲಿ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಮಿತಿಮೀರಿ ಬೆಳೆಯುತ್ತದೆ. ನಾಲ್ವರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ತೊಂದರೆ ಇದು. ಕೊಳಕಿನಿಂದ ಬಂದದ್ದಲ್ಲ, ಯಾರ ನಡತೆಯ ಮೇಲೂ ಕಳಂಕವಲ್ಲ.

ಮೊದಲ ಕೆಲಸ, ಸ್ರಾವವನ್ನು ನೋಡುವುದು. ಹಾಲು ಒಡೆದಾಗ ಪಾತ್ರೆಯಲ್ಲಿ ನಿಲ್ಲುವ ಬಿಳಿ ಗರಣೆಯಂತೆ ದಪ್ಪಗಿದ್ದು, ವಾಸನೆ ಅಷ್ಟಾಗಿ ಇಲ್ಲದೆ, ತುರಿಕೆಯೇ ಜೋರಾಗಿದ್ದರೆ ಈಸ್ಟ್ ಇರಬಹುದು. ಮೂತ್ರ ತಾಗಿದ ಕಡೆ ಉರಿ, ಕೆಂಪು, ಊತ, ಸಂಭೋಗದ ವೇಳೆ ನೋವು ಸಹ ಇರುತ್ತದೆ. ತೆಳ್ಳಗೆ ಬೂದುಬಣ್ಣವಿದ್ದು ಮೀನಿನ ವಾಸನೆ ಬಂದರೆ ಅದು ಬೇರೆ, ಬ್ಯಾಕ್ಟೀರಿಯಾದ್ದು. ಹಳದಿ-ಹಸಿರು ನೊರೆಯಾಗಿದ್ದರೆ ಸಂಭೋಗದಿಂದ ಹರಡುವ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ ಇರಬಹುದು, ಆಗ ಗಂಡನಿಗೂ ಔಷಧಿ ಬೇಕು. ಈ ಎರಡಕ್ಕೂ ಈಸ್ಟ್ ಮಾತ್ರೆ ನಾಟುವುದಿಲ್ಲ.

ಇನ್ನು ಡಾಕ್ಟರ ಮುಂದೆ ಮಾತು. ನಮ್ಮಲ್ಲಿ ‘ಬಿಳಿ ಸೆರಗು’ ಎನ್ನುತ್ತೇವೆ, ಇಲ್ಲಿ ಹಿಂದಿಯಲ್ಲಿ ‘ಸಫೇದ್ ಪಾನಿ’ (ಬಿಳಿ ನೀರು) ಎಂದು ಮುಗಿಸಿಬಿಡುತ್ತೇವೆ. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಈಸ್ಟ್ ಸ್ರಾವ ಸಾಮಾನ್ಯವಾಗಿ ನೀರಾಗಿರುವುದಿಲ್ಲ. ‘ದಹಿ ಜೈಸಾ ಗಾಢಾ, ಬಹುತ್ ಖುಜಲಿ’ (ಮೊಸರಿನಂತೆ ಗಟ್ಟಿ, ತುಂಬ ತುರಿಕೆ) ಎನ್ನಿ. ವಾಸನೆ ಇದೆಯೋ ಇಲ್ಲವೋ, ಎಷ್ಟು ದಿನವಾಯಿತು, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನೂ ಹೇಳಿ. ಮೊದಲ ಸಲ ಬಂದದ್ದಾದರೆ ತೋರಿಸಿಕೊಂಡೇ ಔಷಧಿ ಶುರುಮಾಡಿ.

ಸಾಮಾನ್ಯವಾಗಿ ಬರೆದುಕೊಡುವುದು ಕ್ಲೋಟ್ರಿಮಜೋಲ್ ಮಾತ್ರೆ. ಇದನ್ನು ನುಂಗಬಾರದು; ಮಲಗುವ ಮುನ್ನ ಕೈ ತೊಳೆದು, ಮಂಡಿ ಮಡಚಿ ಮಲಗಿ, ಯೋನಿಯೊಳಗೆ ಆದಷ್ಟು ಆಳಕ್ಕೆ ಇಡಬೇಕು. 100 ಮಿಲಿಗ್ರಾಂ ಆದರೆ 6ರಿಂದ 7 ರಾತ್ರಿ, 500 ಮಿಲಿಗ್ರಾಂ ಆದರೆ ಒಂದೇ ರಾತ್ರಿ. ಮೂರನೆಯ ದಿನಕ್ಕೆ ತುರಿಕೆ ನಿಂತರೂ ಕೋರ್ಸ್ ಬಿಡಬೇಡಿ. ಕೆಲವು ಬಗೆಯ ಕ್ರೀಮ್, ಮಾತ್ರೆಗಳು ಕಾಂಡೋಮ್ ರಬ್ಬರನ್ನು ದುರ್ಬಲಗೊಳಿಸುತ್ತವೆ, ಅದೂ ನೆನಪಿರಲಿ. ನುಂಗುವುದಾದರೆ ಫ್ಲುಕೋನಜೋಲ್ 150 ಮಿಲಿಗ್ರಾಂ, ಒಮ್ಮೆ. ಬಸುರಿಯರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು.

ಒಳಗೆ ಸೋಪು, ಡೆಟಾಲ್, ಪರಿಮಳದ ವಾಶ್ ಯಾವುದೂ ಬೇಡ. ಹೊರಗೆ ಬರೀ ನೀರು ಸಾಕು. ಬೆಳ್ಳುಳ್ಳಿ ಇಡುವ ಉಪಾಯವನ್ನಂತೂ ದಯವಿಟ್ಟು ಮಾಡಬೇಡಿ, ಚರ್ಮ ಸುಡುತ್ತದೆ.

ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು ಇದ್ದರೆ, ಬಸುರಿಯಾಗಿದ್ದರೆ ಕಾಯದೆ ವೈದ್ಯರ ಬಳಿ ಹೋಗಿ. ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ಸಲ ಮರುಕಳಿಸಿದರೆ ಸ್ರಾವದ ಪರೀಕ್ಷೆಯ ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಿಕೊಳ್ಳಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಯಿಂದಲೂ ಹೀಗಾಗುತ್ತದೆ, ಆದರೆ ನೀವಾಗಿ ಅದನ್ನು ನಿಲ್ಲಿಸಬಾರದು. ದುಡ್ಡಿನ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಸೋಂಕುಗಳನ್ನು ನೋಡುವ ‘ಸುರಕ್ಷಾ ಕ್ಲಿನಿಕ್’ಗೆ ಹೋಗಿ, ಅಲ್ಲಿ ತಪಾಸಣೆಯೂ ಔಷಧಿಯೂ ಉಚಿತ.

ಮಳೆ ನಿಲ್ಲುವವರೆಗೆ ಚೀಲದಲ್ಲಿ ಒಂದು ಒಣ ಹತ್ತಿಯ ಒಳಉಡುಪು ಇಟ್ಟುಕೊಳ್ಳಿ. ಕಚೇರಿ ಮುಟ್ಟಿದ ಕೂಡಲೇ ಬದಲಿಸಿ.