ವಿಂಡೋಸ್‌ನಲ್ಲಿ ಜಿಸಿಸಿಯಿಂದ ಡಿಎಲ್‌ಎಲ್ ಕಟ್ಟುವುದು
ಡಿಎಲ್‌ಎಲ್ ಎಂದರೆ ಬೇರೆ ಪ್ರೋಗ್ರಾಂಗಳು ರನ್ ಆಗುವಾಗ ಬಳಸುವ ವಿಂಡೋಸ್ ಲೈಬ್ರರಿ ಫೈಲ್, ಜಿಸಿಸಿ ಎಂದರೆ ಅದನ್ನು ಕಟ್ಟಿಕೊಡುವ ಕಂಪೈಲರ್. ಜಿಸಿಸಿಯಂಥ ಪರಿಕರಗಳನ್ನು ವಿಂಡೋಸ್‌ಗೆ ತರುವ ಎಮ್‌ಸಿಸ್2 ಹಾಕಿಕೊಂಡರೆ ಸ್ಟಾರ್ಟ್ ಮೆನುವಿನಲ್ಲಿ ಹಲವು ಟರ್ಮಿನಲ್‌ಗಳು ಕಾಣುತ್ತವೆ, ತೆರೆಯಬೇಕಾದ್ದು 'ಯುಸಿಆರ್‌ಟಿ64' (ಯುಸಿಆರ್‌ಟಿ ಎಂದರೆ ವಿಂಡೋಸ್‌ನದೇ ಸಿ ರನ್‌ಟೈಮ್). ಬರೀ 'ಎಮ್‌ಸಿಸ್' ಎಂದಿರುವುದರ ಜಿಸಿಸಿ ಬಳಸಿದರೆ ನಿಮ್ಮ ಡಿಎಲ್‌ಎಲ್ ಎಮ್‌ಸಿಸ್‌ನದೇ ರನ್‌ಟೈಮ್‌ಗೆ ಜೋತುಬೀಳುತ್ತದೆ. ಎಮ್‌ಸಿಸ್2ನ ಪ್ಯಾಕೇಜ್ ಮ್ಯಾನೇಜರ್ ಆದ ಪ್ಯಾಕ್‌ಮ್ಯಾನ್‌ನಿಂದ ಹೆಸರಿನಲ್ಲಿ ಯುಸಿಆರ್‌ಟಿ ಇರುವ ಜಿಸಿಸಿ ಪ್ಯಾಕೇಜನ್ನೇ ತನ್ನಿ.

ಜಿಸಿಸಿಗೆ 'ಶೇರ್ಡ್' ಆಯ್ಕೆ ಕೊಡಿ. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿಗೆ ಕೊಡುವ 'ಎಫ್‌ಪಿಕ್' ಆಯ್ಕೆ ಇಲ್ಲಿ ಬೇಕಿಲ್ಲ. ತುಣುಕುಗಳನ್ನು ಜೋಡಿಸುವ ಲಿಂಕರ್‌ಗೆ 'ಔಟ್-ಇಂಪ್ಲಿಬ್' ಹೇಳಿದರೆ, ಬೇರೆ ಪ್ರೋಗ್ರಾಂಗಳನ್ನು ಈ ಡಿಎಲ್‌ಎಲ್‌ಗೆ ಲಿಂಕ್ ಮಾಡಲು ಬಳಸುವ ಇಂಪೋರ್ಟ್ ಲೈಬ್ರರಿಯೂ ಸಿಗುತ್ತದೆ.

ಹೊಸಬರು ಮುಗ್ಗರಿಸುವುದು 'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬ ಲಿಂಕರ್ ದೋಷದ ಬಳಿ. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿಗೆ ಸಿಗದ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್‌ನ ಹೆಸರು) ರನ್ ಆಗುವವರೆಗೂ ಬಾಕಿ ಉಳಿಯಬಹುದು. ಡಿಎಲ್‌ಎಲ್‌ನಲ್ಲಿ ಉದ್ರಿ ಇಲ್ಲ, ಲಿಂಕ್ ಹೊತ್ತಿಗೇ ಎಲ್ಲ ಚುಕ್ತಾ ಆಗಬೇಕು. ಹಾಗಾಗಿ 'ಮೈನಸ್ ಎಲ್' ಆಯ್ಕೆಯಿಂದ ಸೇರಿಸುವ ಲೈಬ್ರರಿಗಳನ್ನು ಕಮಾಂಡಿನ ಕೊನೆಗೆ, ಆಬ್ಜೆಕ್ಟ್ ಫೈಲ್‌ಗಳ (ಕಂಪೈಲ್ ಆದ ಕೋಡ್) ನಂತರ ಬರೆಯಿರಿ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ, ಹಿಂದೆ ತಿರುಗಿ ನೋಡುವುದಿಲ್ಲ.

ರನ್ ಮಾಡುವಾಗ ಡಿಎಲ್‌ಎಲ್ ಸಿಗಲಿಲ್ಲವೆಂದರೆ ಅದನ್ನು ಇಎಕ್ಸ್‌ಇ ಪಕ್ಕದಲ್ಲೇ ಇಡಿ, ಲೈಬ್ರರಿ ಎಲ್ಲಿದೆ ಎಂದು ಪ್ರೋಗ್ರಾಂನಲ್ಲೇ ಬರೆದಿಡುವ ಲಿನಕ್ಸ್‌ನ ಆರ್‌ಪಾತ್ ವಿಂಡೋಸ್‌ನಲ್ಲಿಲ್ಲ. ಇನ್ನೂ ಯಾವುದು ಕಾಣೆಯಾಗಿದೆ ಎಂಬುದನ್ನು ಎಲ್‌ಡಿಡಿ ಕಮಾಂಡ್ ತೋರಿಸುತ್ತದೆ.